ಬಚ್ಚಲ ಸುಳಿಯೂ ಭೂಮಿಯ ತಿರುಗಾಟವೂ



ಉತ್ತರಾರ್ಧಗೋಳದಲ್ಲಿ ಬೇಸಿನ್ನಿನ ನೀರು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತಿ ಇಳಿಯುತ್ತದೆ, ದಕ್ಷಿಣಾರ್ಧದಲ್ಲಿ ಮುಳ್ಳಿನಂತೆಯೇ ಸುತ್ತುತ್ತದೆ, ಭೂಮಿ ತಿರುಗುವುದಕ್ಕೆ ಇದೇ ಸಾಕ್ಷಿ ಎಂಬ ಮಾತನ್ನು ನಮ್ಮಲ್ಲಿ ಅನೇಕರು ಕೇಳಿದ್ದೇವೆ. ಮಕ್ಕಳಿಗೂ ಹೇಳಿದ್ದೇವೆ. ಇದು ನಿಜವೇ?

ಅರ್ಧ ನಿಜ. ಭೂಮಧ್ಯರೇಖೆಯ ಮೇಲಿನ ನೆಲ ಗಂಟೆಗೆ ಸುಮಾರು 1,670 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿರುತ್ತದೆ. ದೆಹಲಿಯ ನೆಲದ ವೇಗ ಸುಮಾರು 1,470 ಮಾತ್ರ. ಹಾಗಾಗಿ ದಕ್ಷಿಣದಿಂದ ಉತ್ತರಕ್ಕೆ ಹೊರಟ ಗಾಳಿ ತನ್ನ ಹೆಚ್ಚಿನ ವೇಗವನ್ನು ಹೊತ್ತುಕೊಂಡೇ ಹೋಗಿ ಬಲಕ್ಕೆ ಸರಿಯುತ್ತದೆ. 1835ರಲ್ಲಿ ತಿರುಗುವ ಯಂತ್ರಗಳ ಲೆಕ್ಕ ಬರೆದ ಫ್ರಾನ್ಸಿನ ಕೊರಿಯೋಲಿಸ್ ಅವರ ಹೆಸರನ್ನೇ ಈ ಪರಿಣಾಮಕ್ಕೆ ಇಟ್ಟಿದ್ದಾರೆ. 2021ರ ಮೇ ತಿಂಗಳಲ್ಲಿ ನಮ್ಮ ಕಾಸರಗೋಡು ಕರಾವಳಿಯಾಚೆ ಹಾದುಹೋದ ತೌಕ್ತೆ ಚಂಡಮಾರುತ ಮುಳ್ಳಿಗೆ ವಿರುದ್ಧವಾಗಿ ಸುತ್ತಿದ್ದು ಇದರಿಂದಲೇ. ನೂರಾರು ಕಿಲೋಮೀಟರ್ ಅಗಲದ ಆ ಸುಳಿಗೆ ದಿನಗಟ್ಟಲೆ ಕಾಲಾವಕಾಶವೂ ಇತ್ತು.

ಆದರೆ ಬೇಸಿನ್ನಿನ ಅಗಲ ಒಂದು ಮೊಳ. ನೀರು ಇಳಿಯಲು ಬೇಕಾದದ್ದು ಅರ್ಧ ನಿಮಿಷ. ಭೂಮಿ ಒಂದು ಸುತ್ತಿಗೆ ಒಂದು ದಿನ ತೆಗೆದುಕೊಂಡರೆ, ಬೇಸಿನ್ನಿನ ಸುಳಿ ಕೆಲವೇ ಕ್ಷಣಗಳಲ್ಲಿ ಒಂದು ಸುತ್ತು ಮುಗಿಸುತ್ತದೆ. ಅಲ್ಲಿ ಭೂಮಿಯ ಪಾಲು ಲೆಕ್ಕಕ್ಕೆ ಸಿಗದಷ್ಟು ಚಿಕ್ಕದು. ನಲ್ಲಿಯಿಂದ ನೀರು ಬಿದ್ದ ಓರೆ, ಕೈ ಅದ್ದಿದ ಅಲುಗಾಟ, ಬೇಸಿನ್ನಿನ ಆಕಾರ, ಬಿರಡೆ ಎಳೆದ ರೀತಿ ಇವೇ ದಿಕ್ಕನ್ನು ನಿರ್ಧರಿಸುತ್ತವೆ.

ಹಾಗಾದರೆ ಆ ಸಣ್ಣ ಪಾಲನ್ನು ಕಾಣುವುದೇ ಸಾಧ್ಯವಿಲ್ಲವೇ? ಸಾಧ್ಯವಿದೆ, ತಾಳ್ಮೆ ಬೇಕು. ಅಮೆರಿಕದ ಎಂ.ಐ.ಟಿ.ಯ ಪ್ರಾಧ್ಯಾಪಕ ಆಶರ್ ಶಪಿರೊ ಆರು ಅಡಿ ಅಗಲದ ತೊಟ್ಟಿಯಲ್ಲಿ ಆರು ಅಂಗುಲ ನೀರು ತುಂಬಿಸಿದರು. ತುಂಬಿಸುವಾಗ ಬೇಕೆಂದೇ ಮುಳ್ಳಿನ ದಿಕ್ಕಿಗೆ ಸುತ್ತು ಕೊಟ್ಟರು. ಮೇಲೆ ಹಾಳೆ ಹೊದಿಸಿ ಇಪ್ಪತ್ತನಾಲ್ಕು ಗಂಟೆ ಮುಟ್ಟದೆ ಬಿಟ್ಟರು. ಆಮೇಲೆ ತಳದ ಸಣ್ಣ ತೂತನ್ನು ತೆರೆದರು. ತೊಟ್ಟಿ ಬರಿದಾಗಲು ಇಪ್ಪತ್ತು ನಿಮಿಷ. ಮೊದಲ ಹನ್ನೆರಡು ನಿಮಿಷ ಏನೂ ಕಾಣಲಿಲ್ಲ. ಬಳಿಕ ತೇಲುಗಡ್ಡಿ ಮೆಲ್ಲಗೆ ತಿರುಗತೊಡಗಿತು, ಮುಳ್ಳಿಗೆ ವಿರುದ್ಧವಾಗಿ! ಒಂದೆರಡು ಗಂಟೆ ಮಾತ್ರ ಬಿಟ್ಟ ನೀರಾದರೆ ಹಳೆಯ ಸುತ್ತನ್ನು ಮರೆತಿರುತ್ತಿರಲಿಲ್ಲ. 1962ರಲ್ಲಿ ಅವರು ಇದನ್ನು ಪ್ರಕಟಿಸಿದರು. 1965ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಇದೇ ಪ್ರಯೋಗ ಮಾಡಿದವರು ಮುಳ್ಳಿನ ದಿಕ್ಕಿನ ಸುಳಿಯನ್ನು ಕಂಡರು.

ಕೀನ್ಯಾದ ನಾನ್ಯುಕಿಯಲ್ಲಿ ಭೂಮಧ್ಯರೇಖೆಯ ಎರಡು ಬದಿ ಕೆಲವೇ ಹೆಜ್ಜೆ ದೂರದಲ್ಲಿ ನಿಂತು, ಬೋಗುಣಿಯ ನೀರನ್ನು ಎರಡು ದಿಕ್ಕಿಗೆ ಸುತ್ತಿಸಿ ಪ್ರವಾಸಿಗರಿಗೆ ತೋರಿಸುವವರಿದ್ದಾರೆ. ರೇಖೆಯ ಬಳಿ ಈ ಪರಿಣಾಮ ಹೆಚ್ಚುಕಡಿಮೆ ಸೊನ್ನೆ. ನೀರು ಸುರಿಯುವಾಗಲೋ ಬೋಗುಣಿ ಹಿಡಿದು ಮೈ ತಿರುಗಿಸುವಾಗಲೋ ಕೊಟ್ಟ ಸಣ್ಣ ಸುತ್ತು ಸಾಕು, ಆಟ ಗೆಲ್ಲುತ್ತದೆ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಮಾತೇಕೆ ಎನ್ನಬಹುದು. ಯೋಚಿಸೋಣ. ನಾವು ಹೇಳಿದ್ದನ್ನು ನಂಬಿದ ಮಗು ಒಂದು ದಿನ ಬೇಸಿನ್ ನೋಡುತ್ತದೆ. ನೀರು ತಿರುವುಮುರುವಾಗಿ ಸುತ್ತುತ್ತಿರುತ್ತದೆ. ಆಗ ಮಗು ಯಾವುದನ್ನು ಬಿಡಬೇಕು? ಭೂಮಿ ತಿರುಗುತ್ತದೆ ಎಂಬುದನ್ನೋ, ಹಿರಿಯರ ಮಾತನ್ನೋ, ತನ್ನ ಕಣ್ಣನ್ನೋ? ಭೂಮಿ ತಿರುಗುವುದು ನಿಜ. ನಿಜಕ್ಕೆ ಸುಳ್ಳು ಸಾಕ್ಷಿ ಒದಗಿಸಿದರೆ, ಸಾಕ್ಷಿ ಬಿದ್ದ ದಿನ ನಿಜದ ಮೇಲೂ ಅನುಮಾನ ಬೀಳುತ್ತದೆ.

ಆದುದರಿಂದ ಮಕ್ಕಳು ಕೇಳಿದಾಗ ಉತ್ತರ ಒಪ್ಪಿಸುವ ಬದಲು ಒಂದು ಕೆಲಸ ಮಾಡೋಣ. ಬೇಸಿನ್ನಿಗೆ ನೀರು ತುಂಬಿಸಿ, ಬೆರಳಿನಿಂದ ಒಮ್ಮೆ ಎಡಕ್ಕೆ, ಇನ್ನೊಮ್ಮೆ ಬಲಕ್ಕೆ ಮೆಲ್ಲಗೆ ತಿರುವಿ ಬಿರಡೆ ತೆಗೆಯಲಿ. ಸುಳಿ ಯಾರ ಮಾತು ಕೇಳುತ್ತದೆ ಎಂದು ಅವರೇ ಹೇಳುತ್ತಾರೆ. ಭೂಮಿಯ ಸುತ್ತನ್ನು ತೋರಿಸಬೇಕೆಂದರೆ, ಮುಂದಿನ ಚಂಡಮಾರುತದ ಉಪಗ್ರಹ ಚಿತ್ರ ಟಿ.ವಿ.ಯಲ್ಲಿ ಬಂದಾಗ ಅವರನ್ನು ಕರೆದು ಕೂರಿಸಿಕೊಳ್ಳೋಣ.