ನೇಗಿಲು ಹಿಡಿದವನ ಮೇಲೇಕೆ ದೂರು?

ಕಳೆದ ತಿಂಗಳು ನಮ್ಮ ಸಂಘದ ಸಭೆಯಲ್ಲಿ ಗೆಳೆಯರೊಬ್ಬರು ಒಂದು ಚಿತ್ರದ ಪ್ರತಿಯನ್ನು ಗೋಡೆಗೆ ಆನಿಸಿಟ್ಟು ಅರ್ಧ ಗಂಟೆ ಮಾತಾಡಿದರು. ಪೀಟರ್ ಬ್ರೂಗೆಲ್‌ನ ‘ಇಕಾರಸನ ಪತನವಿರುವ ಭೂದೃಶ್ಯ’. ಚೆನ್ನಾಗಿಯೇ ಮಾತಾಡಿದರು. ಕೊನೆಗೆ, ‘ಒಬ್ಬ ಹುಡುಗ ಮುಗಿಲಿನಿಂದ ಬಿದ್ದು ಸಾಯುತ್ತಿದ್ದಾನೆ, ರೈತ ಉಳುತ್ತಲೇ ಇದ್ದಾನೆ. ಇದೇ ಮುಂಬಯಿ, ಇದೇ ನಾವು’ ಅಂದರು. ಎಲ್ಲರೂ ತಲೆಯಾಡಿಸಿದೆವು. ಯಾರೋ ‘ಅನಾಥಪ್ರಜ್ಞೆ’ ಅಂತಲೂ ಅಂದರು. ಚಹಾ ಬಂತು, ಸಭೆ ಮುಗಿಯಿತು.

ಆವತ್ತು ನಾನೂ ತಲೆಯಾಡಿಸಿದವನೇ. ಆಮೇಲೆ ಆ ಪ್ರತಿಯನ್ನು ಕೇಳಿ ತಂದು ಹದಿನೈದು ದಿನ ಮೇಜಿನ ಮೇಲಿಟ್ಟುಕೊಂಡೆ. ಈಗ ಒಪ್ಪಿಗೆಯಾಗುತ್ತಿಲ್ಲ. ಯಾಕೆ ಅಂತ ಬರೆಯುತ್ತೇನೆ, ಗೆಳೆಯರು ಬೇಸರಿಸಬಾರದು.

ಸಭೆಗೆ ಬಾರದವರಿಗಾಗಿ ಕತೆ ನಾಲ್ಕು ಮಾತಿನಲ್ಲಿ. ಡೀಡಲಸ್ ಗ್ರೀಕರ ಮಹಾಶಿಲ್ಪಿ. ಕ್ರೀಟ್ ದ್ವೀಪದ ಅರಸ ಮೈನಾಸನಿಗೆ, ಒಳಹೊಕ್ಕವರು ಹೊರಬರಲಾಗದಂಥ ಕಟ್ಟಡ ಕಟ್ಟಿಕೊಟ್ಟವನು. ಅರಸ ಅವನನ್ನೂ ಮಗ ಇಕಾರಸನನ್ನೂ ದ್ವೀಪ ಬಿಟ್ಟು ಹೋಗಗೊಡಲಿಲ್ಲ. ನೆಲ ಜಲ ಎರಡೂ ಅರಸನ ಕೈಯಲ್ಲಿ, ಉಳಿದದ್ದು ಆಕಾಶ ಒಂದೇ. ಅಪ್ಪ ಹಕ್ಕಿಗರಿಗಳನ್ನು ಮೇಣದಿಂದ ಅಂಟಿಸಿ ರೆಕ್ಕೆ ಮಾಡಿದ. ತೀರ ಕೆಳಗೆ ಹಾರಿದರೆ ಕಡಲ ತೇವಕ್ಕೆ ಗರಿ ಭಾರವಾದೀತು, ತೀರ ಮೇಲೆ ಹೋದರೆ ಬಿಸಿಲಿಗೆ ಮೇಣ ಕರಗೀತು, ನಡುವೆ ಹಾರು ಮಗನೆ ಅಂದ. ಮಗ ಕೇಳಲಿಲ್ಲ. ನಮ್ಮ ಸಂಪಾತಿ ತಮ್ಮನ ಮೇಲೆ ರೆಕ್ಕೆ ಹರಡಿ ತಾನು ಸುಟ್ಟುಕೊಂಡ, ಜಟಾಯು ಉಳಿದ. ಇಲ್ಲಿ ಅಪ್ಪ ಹಿಂತಿರುಗಿ ನೋಡುವಷ್ಟರಲ್ಲಿ ಮಗನಿಲ್ಲ, ನೀರಿನ ಮೇಲೆ ಗರಿಗಳು ಮಾತ್ರ.

ಈ ಕತೆಯನ್ನು ರೋಮಿನ ಕವಿ ಓವಿಡ್ ತನ್ನ ‘ಮೆಟಮಾರ್ಫಸಿಸ್’ ಕಾವ್ಯದ ಎಂಟನೆಯ ಭಾಗದಲ್ಲಿ ಹೇಳುತ್ತಾನೆ. ಅಲ್ಲಿ ಗಾಳ ಹಾಕುವವನೊಬ್ಬ, ಕೋಲಿಗೆ ಒರಗಿದ ಕುರುಬನೊಬ್ಬ, ನೇಗಿಲ ಹಿಡಿಗೆ ಒರಗಿದ ರೈತನೊಬ್ಬ ಬರುತ್ತಾರೆ. ಮೂವರೂ ತಲೆಯೆತ್ತಿ ನೋಡಿ ಬೆರಗಾಗಿ, ಹಾರುವವರು ದೇವರೇ ಇರಬೇಕು ಅಂದುಕೊಳ್ಳುತ್ತಾರೆ. ಚಿತ್ರದಲ್ಲಿ ಇದೇ ಮೂವರು ಇದ್ದಾರೆ, ಆದರೆ ಯಾರೂ ಹುಡುಗನನ್ನು ನೋಡುತ್ತಿಲ್ಲ. ‘ಓವಿಡ್ ಬೆರಗು ಕೊಟ್ಟ, ಬ್ರೂಗೆಲ್ ಅದನ್ನು ಕಿತ್ತುಕೊಂಡ, ಆದ್ದರಿಂದ ಇದು ನಿರ್ಲಕ್ಷ್ಯದ ಚಿತ್ರ’ ಎಂಬುದು ಗೆಳೆಯರ ವಾದ. ಅವರೊಬ್ಬರದೇ ಅಲ್ಲ. ಇಂಗ್ಲಿಷ್ ಕವಿ ಆಡೆನ್ 1938ರಲ್ಲಿ ಈ ಚಿತ್ರವನ್ನು ನೆನೆದು ಬರೆದ ಕವನದಿಂದ ಈ ಅರ್ಥ ಲೋಕಕ್ಕೆಲ್ಲ ಹಬ್ಬಿತು.

ಆದರೆ ಓವಿಡನನ್ನು ಇನ್ನೊಮ್ಮೆ ನಿಧಾನಕ್ಕೆ ಓದಿರಿ. ಆ ಮೂವರು ಬೆರಗಾದದ್ದು ಹಾರುವುದನ್ನು ನೋಡಿ, ಬೀಳುವುದನ್ನು ನೋಡಿ ಅಲ್ಲ. ಬೀಳುವ ಹೊತ್ತಿಗೆ ಅವರ ಸುದ್ದಿಯೇ ಇಲ್ಲ. ಕಾವ್ಯದಲ್ಲೂ ಹುಡುಗ ಬಿದ್ದದ್ದನ್ನು ಯಾರೂ ಕಾಣಲಿಲ್ಲ, ಹೆತ್ತ ಅಪ್ಪನೂ ಕಾಣಲಿಲ್ಲ. ಹಾಗಾದರೆ ಚಿತ್ರಕಾರ ಮೂವರ ಎದೆಯಿಂದ ಕರುಣೆ ಕಿತ್ತುಕೊಂಡ ಅನ್ನುವುದು ಹೇಗೆ? ಹಾರುವ ಗಳಿಗೆಯನ್ನು ಬಿಟ್ಟು ಬೀಳುವ ಗಳಿಗೆಯನ್ನು ಆರಿಸಿಕೊಂಡ, ಅಷ್ಟೇ.

ಇನ್ನು ಚಿತ್ರ. ಮುಕ್ಕಾಲು ಮೀಟರ್ ಎತ್ತರ, ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಅಗಲ. ಬ್ರಸೆಲ್ಸಿನ ರಾಜಕೀಯ ಅಲ್ಲ, ರಾಜಮನ್ನಣೆಯ ಕಲಾ ಮ್ಯೂಸಿಯಮ್ಮು 1912ರಲ್ಲಿ ಕೊಂಡದ್ದು. ಒಂದು ತಿದ್ದುಪಡಿ: ಗೆಳೆಯರು ಇದನ್ನು ಬ್ರೂಗೆಲ್‌ನ ಸ್ವಂತ ಕೈಯದು ಎಂದರು. 1996ರ ತಾಂತ್ರಿಕ ಪರೀಕ್ಷೆಯ ನಂತರ ಅನೇಕ ತಜ್ಞರು, ಇದು ಕಳೆದುಹೋದ ಬ್ರೂಗೆಲ್ ಚಿತ್ರವೊಂದರ ನಕಲು ಅನ್ನುತ್ತಾರೆ. ಕಲ್ಪನೆ ಮಾತ್ರ ಅವನದೇ ಎಂಬುದನ್ನು ಹೆಚ್ಚಿನವರು ಒಪ್ಪುತ್ತಾರೆ. ನನ್ನ ವಾದಕ್ಕೆ ಅಷ್ಟು ಸಾಕು.

ಮೊದಲು ಕಣ್ಣಿಗೆ ಬೀಳುವುದು ಕೆಂಪು ತೋಳಿನ ಅಂಗಿ ತೊಟ್ಟ ರೈತ. ಮುಂದುಗಡೆ, ದೊಡ್ಡದಾಗಿ. ಆಮೇಲೆ ಕುದುರೆ, ಕುರಿಗಳು, ಹಸಿರು ಕಡಲು, ಹಡಗು, ದೂರದ ಬಿಳಿ ಊರು, ದಿಗಂತದ ಸೂರ್ಯ. ಇಕಾರಸ್ ಎಲ್ಲಿ? ಹೆಸರು ಓದಿದ ಮೇಲೆ ಹುಡುಕಬೇಕು. ಬಲಗಡೆ ಕೆಳಗೆ, ಹಡಗಿಗೂ ದಡಕ್ಕೂ ನಡುವೆ, ನೀರಿನಿಂದ ಹೊರಗೆ ಎರಡು ಕಾಲು. ಅಷ್ಟೇ ಮಾರಾಯರೆ! ಸಭೆಯಲ್ಲಿ ಇದ್ದ ಯಾರೊಬ್ಬರೂ ಆ ಕಾಲನ್ನು ತಾನಾಗಿ ಕಾಣಲಿಲ್ಲ, ಗೆಳೆಯರು ಬೆರಳಿಟ್ಟು ತೋರಿಸಿದರು. ಹಾಗೆ ತೋರಿಸಿಕೊಂಡ ನಾವು, ಬೆನ್ನು ತಿರುಗಿಸಿ ಉಳುತ್ತಿರುವವನನ್ನು ‘ನೀನೇಕೆ ಕಾಣಲಿಲ್ಲ’ ಅಂತ ಕೇಳಿದೆವು.

ಅವನು ಹೇಗೆ ಕಾಣಬೇಕು? ನಾನು ಚಿಕ್ಕವನಿದ್ದಾಗ ಊರಲ್ಲಿ ಅಜ್ಜ ಕೋಣ ಕಟ್ಟಿ ಉಳುವಾಗ ಹಿಂದೆ ಹಿಂದೆ ಹೋಗುತ್ತಿದ್ದೆ. ನನ್ನ ಪ್ರಶ್ನೆಗೆಲ್ಲ ಅಜ್ಜ ಉತ್ತರ ಕೊಡುತ್ತಿದ್ದರು, ಮುಖ ಮಾತ್ರ ಎತ್ತುತ್ತಿರಲಿಲ್ಲ. ಕಣ್ಣೆತ್ತಿದರೆ ಸಾಲು ಕೆಡುತ್ತದೆ, ನೇಗಿಲ ಮೊನೆ ಪ್ರಾಣಿಯ ಕಾಲಿಗೂ ತಾಗೀತು. ಚಿತ್ರದ ಈ ರೈತ ಕಡಲಿನ ಮೇಲಿನ ಇಳಿಜಾರಿನಲ್ಲಿ ಉಳುತ್ತಿದ್ದಾನೆ. ಸಾಲುಗಳು ಬಾಗಿ ಬಾಗಿ ಬಂದಿವೆ. ತಲೆ ತಗ್ಗಿದೆ. ಇದು ನಿರ್ಲಕ್ಷ್ಯವಲ್ಲ, ಕೆಲಸ. ಕಾಣದೆ ಇರುವುದು ಬೇರೆ, ಕಂಡೂ ಸುಮ್ಮನಿರುವುದು ಬೇರೆ.

ನಮ್ಮಲ್ಲಿ ಒಂದು ತಮಾಷೆಯಿದೆ. ಕುವೆಂಪು ಅವರ ‘ನೇಗಿಲಯೋಗಿ’ಯನ್ನು ನಾವು ಪ್ರತಿ ವಾರ್ಷಿಕೋತ್ಸವದಲ್ಲೂ ಎದೆಯುಬ್ಬಿಸಿ ಹಾಡುತ್ತೇವೆ. ರಾಜ್ಯಗಳು ಹುಟ್ಟಿದರೂ ಅಳಿದರೂ ಉಳುವುದು ಬಿತ್ತುವುದು ಬಿಡದವನೆಂದು ಅಲ್ಲಿ ಅವನಿಗೆ ಹೊಗಳಿಕೆ. ಅದೇ ಮನುಷ್ಯ ಅಂಗಿ ಬದಲಿಸಿ ಫ್ಲಾಂಡರ್ಸಿನಲ್ಲಿ ನಿಂತರೆ ಕಲ್ಲೆದೆಯವನು! ರಾಜ್ಯ ಮುಳುಗಿದರೂ ಉಳುವವನು ಯೋಗಿ, ಅರಸನ ಶಿಲ್ಪಿಯ ಮಗ ಮುಳುಗಿದರೆ ಉಳುವವನು ಪಾಪಿ. ಇದು ಯಾವ ನ್ಯಾಯ?

ನನಗನಿಸುವುದು ಇಷ್ಟು. ಓವಿಡನಲ್ಲಿ ರೈತ ಬಂದದ್ದು ಬೆರಗುಪಟ್ಟು ಹೋಗಲಿಕ್ಕೆ, ನಾಟಕದಲ್ಲಿ ಪರಾಕು ಹೇಳಿ ಹೋಗುವವನ ಹಾಗೆ. ಬ್ರೂಗೆಲ್ ಅವನನ್ನು ಮುಂದೆ ತಂದು ನಿಲ್ಲಿಸಿದ, ಅವನ ದಿನವನ್ನು ಅವನಿಗೇ ಕೊಟ್ಟ. ನೀನು ದೇವರನ್ನು ನೋಡಿ ಬಾಯಿ ಬಿಡಬೇಕಾಗಿಲ್ಲ, ನಿನ್ನ ಕೆಲಸ ನೀನು ಮಾಡು ಅಂದ. ಹೊಲ ಗದ್ದೆ, ಕೊಯ್ಲು, ಬೇಟೆ, ಮದುವೆಯೂಟಗಳನ್ನು ಬರೆದವನು ಅವನು. ಪುರಾಣದ ವಿಷಯ ಕೈಗೆತ್ತಿಕೊಂಡದ್ದೇ ಅಪರೂಪ, ಎತ್ತಿಕೊಂಡಾಗಲೂ ಅವನ ಕಣ್ಣು ಹೊಲದಲ್ಲೇ ಇತ್ತು.

ಒಂದು ಕಡೆ ಮಾತ್ರ ನನ್ನ ವಾದ ತೊದಲುತ್ತದೆ, ಮುಚ್ಚಿಡುವುದಿಲ್ಲ. ಎಡಗಡೆ ಪೊದೆಯೊಳಗೆ ಬಿಳಿಚಿದ್ದೇನೋ ಕಾಣುತ್ತದೆ. ಹೆಣದ ತಲೆ ಅನ್ನುತ್ತಾರೆ. ಸಾಯುವವನಿಗಾಗಿ ನೇಗಿಲು ನಿಲ್ಲುವುದಿಲ್ಲ ಎಂಬ ಗಾದೆ ಆ ಕಡೆ ಇದೆಯಂತೆ, ಚಿತ್ರಕಾರ ಅದನ್ನೇ ಬರೆದನೆಂದು ವಿದ್ವಾಂಸರ ಅಭಿಪ್ರಾಯ. ಆ ತಲೆ ಕಡಲಿನಲ್ಲಿಲ್ಲ, ಹೊಲದ ಅಂಚಿನಲ್ಲೇ ಇದೆ. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ರೈತನನ್ನು ದೇವರು ಮಾಡಿ ಕೂರಿಸುವ ನನ್ನಂಥವರ ಬಾಯಿ ಮುಚ್ಚಿಸಲಿಕ್ಕೇ ಅದನ್ನು ಅಲ್ಲಿಟ್ಟನೋ ಏನೋ.

ಕುರುಬ ಮುಖ ಎತ್ತಿದ್ದಾನೆ, ಆದರೆ ಹುಡುಗ ಬಿದ್ದ ಕಡೆಗಲ್ಲ. ಬರಿ ಆಕಾಶ ನೋಡುವ ದಡ್ಡನೆಂದು ನಗುವ ಮೊದಲು, ಬ್ರಸೆಲ್ಸಿನಲ್ಲೇ ವಾನ್ ಬ್ಯೂರೆನ್ ಮ್ಯೂಸಿಯಮ್ಮಿನಲ್ಲಿರುವ ಇನ್ನೊಂದು ಪ್ರತಿಯನ್ನು ನೆನೆಯಬೇಕು. ಅದರಲ್ಲಿ ಡೀಡಲಸ್ ಇನ್ನೂ ಹಾರುತ್ತಿದ್ದಾನೆ, ಕುರುಬ ನೋಡುವುದು ಅವನನ್ನು. ಹಾರುವವನ ಮೇಲೆ ಕಣ್ಣಿಟ್ಟವನಿಗೆ ಬಿದ್ದವನು ಕಾಣಲಿಲ್ಲ. ಗಾಳ ಹಾಕುವವನಂತೂ ಕೂಗಿದರೆ ಕೇಳುವಷ್ಟು ಹತ್ತಿರ. ಅವನ ಪರವಾಗಿ ನಾನು ಮಾತಾಡುವುದಿಲ್ಲ. ಅವನ ಪಕ್ಕದ ಕೊಂಬೆಯಲ್ಲಿ ಒಂದು ಕೌಜುಗ ಕೂತಿದೆ, ಅದನ್ನು ಬಿಡಬಾರದು. ಡೀಡಲಸ್ ಹಿಂದೆ ತನ್ನ ಅಕ್ಕತಂಗಿಯ ಮಗನನ್ನು, ಗರಗಸ ಕಂಡುಹಿಡಿದ ಜಾಣ ಹುಡುಗನನ್ನು, ಹೊಟ್ಟೆಕಿಚ್ಚಿನಿಂದ ಅಥೆನ್ಸಿನ ಕೋಟೆಯ ಮೇಲಿಂದ ತಳ್ಳಿದ್ದ. ದೇವತೆ ಅವನನ್ನು ಬೀಳುವಾಗಲೇ ಕೌಜುಗ ಮಾಡಿ ಉಳಿಸಿದಳು. ಮೇಲಿಂದ ಬಿದ್ದ ಹುಡುಗರು ಈ ಚಿತ್ರದಲ್ಲಿ ಒಬ್ಬನಲ್ಲ, ಇಬ್ಬರು.

ಉಳಿದದ್ದು ಹಡಗು. ದೂರು ಹೇಳುವುದೇ ಆದರೆ ಅಲ್ಲಿ ಹೇಳಬೇಕು. ಹಡಗಿನವರು ಕಂಡಿರಬೇಕು ಎಂಬುದನ್ನು ಆಡೆನ್ನನೂ ಬಿಟ್ಟಿಲ್ಲ, ಆದರೆ ನಮ್ಮ ಸಭೆ ಪೂರ್ತಿ ಬಿಟ್ಟಿತು. ಹಗ್ಗಗಳ ಮೇಲೆ ಎತ್ತರದಲ್ಲಿ ಜನರಿದ್ದಾರೆ, ಕಾಣದೆ ಇರಲಾರದು. ಹಗ್ಗವಿದೆ, ಕೈಯಿದೆ, ನೀರಿನ ಮೇಲೇ ಇದ್ದಾರೆ. ಪಟ ಗಾಳಿ ತುಂಬಿ ಉಬ್ಬಿದೆ, ಹಡಗು ಸಾಗುತ್ತಿದೆ.

ಎರಡು ವರ್ಷದ ಹಿಂದೆ, ಪರೀಕ್ಷೆಯ ದಿನ ಬೆಳಿಗ್ಗೆ, ಲೋಕಲ್ಲಿನಲ್ಲಿ ನಮ್ಮ ಡಬ್ಬಿಯ ಬಾಗಿಲಿಗೆ ನೇತಾಡುತ್ತಿದ್ದವನೊಬ್ಬ ಜಾರಿದ. ನಾನು ಎರಡನೆಯ ಸಾಲಿನಲ್ಲಿ ನಿಂತಿದ್ದೆ, ನೋಡಿದೆ. ಅವನ ಒಂದು ಚಪ್ಪಲಿ ಡಬ್ಬಿಯೊಳಗೇ ಉಳಿಯಿತು. ಮುಂದಿನ ಸ್ಟೇಶನ್ನಿನಲ್ಲಿ ಇಳಿದು ಯಾರಿಗಾದರೂ ಹೇಳಬಹುದಿತ್ತು. ಯಾರಾದರೂ ಹೇಳಿಯಾರು ಅಂದುಕೊಂಡೆ. ಮೂರನೆಯ ಸ್ಟೇಶನ್ನಿನಲ್ಲಿ ಇಳಿದು, ಹೋಗಿ ಪೇಪರು ಬರೆದೆ. ಪಾಸೂ ಆದೆ. ಯಾರಿಗೂ ಹೇಳಿರಲಿಲ್ಲ.

‘ಇದೇ ನಾವು’ ಅಂದಾಗ ಗೆಳೆಯರು ಬೆರಳಿಟ್ಟದ್ದು ರೈತನ ಮೇಲೆ. ನಾನು ರೈತನಲ್ಲ, ನಾನಿದ್ದದ್ದು ಹಗ್ಗದ ಮೇಲೆ. ಚಿತ್ರದ ಪ್ರತಿ ಇನ್ನೂ ನನ್ನ ಹತ್ತಿರವೇ ಇದೆ, ಮುಂದಿನ ಸಭೆಗೆ ತರುತ್ತೇನೆ. ಗೆಳೆಯರು ಉತ್ತರ ಕೊಡಲಿ. ಆ ಪೊದೆಯೊಳಗಿನ ತಲೆಯ ಬಗ್ಗೆಯೂ ಯಾರಾದರೂ ಹೇಳುವುದಿದ್ದರೆ ಹೇಳಿ.