ಗರ್ಭಿಣಿ ‘ಸ್ವಲ್ಪ’ ಕುಡಿದರೆ ಏನೂ ಆಗುವುದಿಲ್ಲವೇ? ನಂಬಿಕೆ ಏನು, ವಾಸ್ತವ ಏನು

“ಬಿಯರ್ ದೇಹಕ್ಕೆ ತಂಪು”, “ವೈನ್ ಕುಡಿದರೆ ಮಗು ಕೆಂಪಗೆ ಹುಟ್ಟುತ್ತದೆ”, “ಶೀತಕ್ಕೆ ಒಂದು ಮುಚ್ಚಳ ಬ್ರಾಂಡಿ ಸಾಕು”. ಗರ್ಭಿಣಿಯರಿಗೆ ಇಂಥ ಸಲಹೆ ಕೊಡುವವರು ಮನೆಯಲ್ಲೂ ಇರುತ್ತಾರೆ, ವಾಟ್ಸಾಪ್ ಗ್ರೂಪಿನಲ್ಲೂ ಇರುತ್ತಾರೆ. ಕಾನಹೊಸಹಳ್ಳಿ, ಕೂಡ್ಲಿಗಿಯಂಥ ಊರುಗಳಲ್ಲಿ ಇದನ್ನು ಬಾಯಿಬಿಟ್ಟು ಕೇಳಲು ಸಂಕೋಚ ಬೇರೆ. “ನಮ್ಮ ಕಡೆ ಹೆಂಗಸರು ಎಲ್ಲಿ ಕುಡೀತಾರೆ?” ಎಂದು ಮಾತು ಮುಗಿಸಿಬಿಡುತ್ತೇವೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮದ್ಯ ಸೇವಿಸುತ್ತೇವೆ ಎಂದ ಮಹಿಳೆಯರು ಸುಮಾರು ನೂರಕ್ಕೆ ಒಬ್ಬರು. ಕರ್ನಾಟಕದಲ್ಲೂ ಹೆಚ್ಚುಕಡಿಮೆ ಅಷ್ಟೇ. ಸಂಖ್ಯೆ ಚಿಕ್ಕದು, ಆದರೆ ಸೊನ್ನೆಯಲ್ಲ. ಅಲ್ಲದೆ ‘ಔಷಧಿ’ ಎಂದುಕೊಂಡು ಕುಡಿಯುವವರು ಅದನ್ನು ಕುಡಿತ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಮಗುವಿಗೆ ಹೇಗೆ ತಲುಪುತ್ತದೆ?

ತಾಯಿಯ ರಕ್ತದಿಂದ ಮಗುವಿಗೆ ಆಹಾರ ಹೋಗುವುದು ಮಾಸಿನ ಮೂಲಕ. ಆಲ್ಕೋಹಾಲ್ ಅಣು ತುಂಬಾ ಚಿಕ್ಕದು, ಮಾಸು ಅದನ್ನು ತಡೆಯಲಾರದು. ಸ್ವಲ್ಪ ಹೊತ್ತಿನಲ್ಲೇ ಮಗುವಿನ ರಕ್ತದಲ್ಲೂ ಹೆಚ್ಚುಕಡಿಮೆ ತಾಯಿಯಷ್ಟೇ ಆಲ್ಕೋಹಾಲ್ ಇರುತ್ತದೆ. ತಾಯಿಯ ಲಿವರ್ ಅದನ್ನು ಕರಗಿಸುತ್ತದೆ, ಆದರೆ ಮಗುವಿನ ಲಿವರ್ ಇನ್ನೂ ಬೆಳೆದಿರುವುದಿಲ್ಲ. ಗರ್ಭದ ನೀರಿನಲ್ಲೂ ಆಲ್ಕೋಹಾಲ್ ಉಳಿದುಕೊಳ್ಳುತ್ತದೆ, ಮಗು ಅದೇ ನೀರನ್ನು ಮತ್ತೆ ನುಂಗುತ್ತದೆ.

ಹೆಚ್ಚು ಪೆಟ್ಟು ಬೀಳುವುದು ಮೆದುಳಿಗೆ. ಕೈ, ಕಾಲು, ಮುಖ ಮೊದಲ ತಿಂಗಳುಗಳಲ್ಲೇ ರೂಪುಗೊಳ್ಳುತ್ತವೆ. ಮೆದುಳು ಮಾತ್ರ ಒಂಬತ್ತು ತಿಂಗಳೂ ಬೆಳೆಯುತ್ತಿರುತ್ತದೆ. ಆದ್ದರಿಂದ “ಮೂರು ತಿಂಗಳು ಕಳೆದ ಮೇಲೆ ಪರವಾಗಿಲ್ಲ” ಎಂಬ ಮಾತೂ ಸುಳ್ಳು.

ಫ್ರಾನ್ಸಿನ ವೈದ್ಯ ಪಾಲ್ ಲೆಮ್ವಾನ್ 1968ರಲ್ಲಿ ಇಂಥ 127 ಮಕ್ಕಳ ಬಗ್ಗೆ ಬರೆದರು. 1973ರಲ್ಲಿ ಅಮೆರಿಕದ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಈ ಸಮಸ್ಯೆಗೆ ‘ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಚಿಕ್ಕ ಕಣ್ಣು, ತೆಳುವಾದ ಮೇಲ್ತುಟಿ, ಕುಂಠಿತ ಬೆಳವಣಿಗೆ ಇದರ ಲಕ್ಷಣಗಳು. ಮುಖದಲ್ಲಿ ಏನೂ ಕಾಣದೆ ಕಲಿಕೆ, ನೆನಪು, ಗಮನದಲ್ಲಿ ಮಾತ್ರ ತೊಂದರೆ ಇರುವ ಮಕ್ಕಳೂ ಇದ್ದಾರೆ. ಅಂಥವರನ್ನು ಶಾಲೆಯಲ್ಲಿ ‘ದಡ್ಡ’, ‘ತುಂಟ’ ಎಂದು ಕರೆದು ಸುಮ್ಮನಾಗುತ್ತೇವೆ. ಗರ್ಭಪಾತ, ಅವಧಿಗೆ ಮೊದಲೇ ಹೆರಿಗೆ, ಕಡಿಮೆ ತೂಕದ ಮಗು ಹುಟ್ಟುವ ಅಪಾಯವೂ ಹೆಚ್ಚುತ್ತದೆ.

“ಬಿಯರ್ ಲೈಟ್ ಅಲ್ವಾ?”

ಲೆಕ್ಕ ಹಾಕಿ ನೋಡಿ. ಶೇ. 8ರ ಸ್ಟ್ರಾಂಗ್ ಬಿಯರ್‌ನ 650 ಎಂಎಲ್ ಬಾಟಲಿಯಲ್ಲಿ 52 ಎಂಎಲ್ ಶುದ್ಧ ಆಲ್ಕೋಹಾಲ್ ಇರುತ್ತದೆ. ಶೇ. 42.8ರ ವಿಸ್ಕಿಯ 90 ಎಂಎಲ್ ಪ್ಯಾಕೆಟ್‌ನಲ್ಲಿ ಇರುವುದು ಸುಮಾರು 38 ಎಂಎಲ್. ಅಂದರೆ ಒಂದು ಬಾಟಲಿ ಬಿಯರ್ ಒಂದು ‘ನೈಂಟಿ’ಗಿಂತ ಹೆಚ್ಚು! ಸೇಂದಿ, ವೈನ್, ಬ್ರಾಂಡಿ ಯಾವುದೇ ಆಗಲಿ, ಮಗುವಿಗೆ ಮುಟ್ಟುವುದು ಅದೇ ಆಲ್ಕೋಹಾಲ್.

ವೈನ್‌ನಿಂದ ಮೈಬಣ್ಣ ಬದಲಾಗುವುದಿಲ್ಲ, ಬಣ್ಣ ಬರುವುದು ತಂದೆತಾಯಿಯ ವಂಶವಾಹಿಯಿಂದ. ಬ್ರಾಂಡಿ ಕುಡಿದಾಗ ಮೈ ಬೆಚ್ಚಗಾದಂತೆ ಅನ್ನಿಸುವುದು ಚರ್ಮದ ರಕ್ತನಾಳಗಳು ಹಿಗ್ಗುವುದರಿಂದ. ನಿಜವಾಗಿ ಆಗ ದೇಹ ಶಾಖ ಕಳೆದುಕೊಳ್ಳುತ್ತದೆ. ಬಾಣಂತಿಗೆ ಬ್ರಾಂಡಿ ಕೊಟ್ಟರೆ ಎದೆಹಾಲಿಗೂ ಆಲ್ಕೋಹಾಲ್ ಸೇರುತ್ತದೆ. ಅರಿಷ್ಟ, ಆಸವಗಳಲ್ಲೂ ಹುದುಗುವಾಗ ತಾನಾಗಿಯೇ ಉಂಟಾದ ಆಲ್ಕೋಹಾಲ್ ಇರುತ್ತದೆ. ಲೇಬಲ್ ಓದಿ, ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ.

“ನಮ್ಮಜ್ಜಿ ಕುಡಿದರೂ ಮಕ್ಕಳು ಗಟ್ಟಿಮುಟ್ಟಾಗಿದ್ದಾರೆ”

ಇರಬಹುದು. ಕುಡಿದ ಪ್ರತಿ ತಾಯಿಯ ಮಗುವಿಗೂ ಹಾನಿ ಆಗುವುದಿಲ್ಲ. ಪ್ರಮಾಣ, ಸಮಯ, ಪೌಷ್ಟಿಕತೆ, ವಂಶವಾಹಿ ಎಲ್ಲವೂ ಪರಿಣಾಮ ಬೀರುತ್ತವೆ. ಯಾವ ಮಗು ಪಾರಾಗುತ್ತದೆ ಎಂದು ಮೊದಲೇ ಹೇಳುವ ಪರೀಕ್ಷೆ ಇಲ್ಲ. “ಇಷ್ಟು ಕುಡಿದರೆ ಸುರಕ್ಷಿತ” ಎಂಬ ಮಿತಿಯೂ ತಿಳಿದಿಲ್ಲ. ಹಾಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆ ಗರ್ಭಿಣಿಯರಿಗೆ ಮದ್ಯ ಬೇಡವೇ ಬೇಡ ಎನ್ನುತ್ತದೆ.

“ಅಪಾಯವಿದ್ದರೆ ಬಾಟಲಿ ಮೇಲೆ ಬರೆಯುತ್ತಿದ್ದರು” ಎನ್ನುವವರೂ ಇದ್ದಾರೆ. ಅಮೆರಿಕದ ಬಾಟಲಿಗಳಲ್ಲಿ 1989ರಿಂದ ಗರ್ಭಿಣಿಯರಿಗೆ ಎಚ್ಚರಿಕೆ ಇದೆ. ನಮ್ಮಲ್ಲಿ 2019ರಿಂದ ಕಡ್ಡಾಯವಾದ ಎಚ್ಚರಿಕೆ ಹೇಳುವುದು ಆರೋಗ್ಯಕ್ಕೆ ಹಾನಿಕರ, ಕುಡಿದು ವಾಹನ ಓಡಿಸಬೇಡಿ ಎಂದಷ್ಟೇ. ಅದರಲ್ಲಿ ಗರ್ಭಿಣಿಯ ಮಾತು ಇಲ್ಲ ಎಂದ ಮಾತ್ರಕ್ಕೆ ಅಪಾಯ ಇಲ್ಲ ಎಂದಲ್ಲ.

ಈಗಾಗಲೇ ಕುಡಿದಿದ್ದರೆ?

ಗರ್ಭ ನಿಂತಿದ್ದು ಗೊತ್ತಾಗುವ ಮೊದಲೇ ಕುಡಿದವರು ಗಾಬರಿಯಾಗಬೇಡಿ. ಇವತ್ತೇ ನಿಲ್ಲಿಸಿದರೂ ಮಗುವಿಗೆ ಲಾಭವಿದೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ತಾಯಿ ಕಾರ್ಡ್ ಹಿಡಿದು ಹೋದಾಗ ವೈದ್ಯರಿಗೆ ನಿಜ ಹೇಳಿ. ದಿನವೂ ಕುಡಿಯುವ ಅಭ್ಯಾಸ ಇದ್ದವರು ಮಾತ್ರ ವೈದ್ಯರ ನೆರವಿನಿಂದಲೇ ಬಿಡಬೇಕು. ತಟ್ಟನೆ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು, ಶುಲ್ಕ ಇಲ್ಲ.

ಮನೆಯವರಿಗೂ ಒಂದು ಮಾತು. ಬೈದರೆ ಆಕೆ ಮುಚ್ಚಿಡುತ್ತಾಳೆ, ಮುಚ್ಚಿಟ್ಟರೆ ವೈದ್ಯರಿಗೂ ತಿಳಿಯುವುದಿಲ್ಲ. ಗಂಡನೂ ಆ ಒಂಬತ್ತು ತಿಂಗಳು ಬಾಟಲಿ ಮನೆಗೆ ತರದಿದ್ದರೆ ಆಕೆಗೆ ಬಿಡುವುದು ಸುಲಭ.

ವಾಸ್ತವ: ಗರ್ಭಿಣಿಗೆ ಸುರಕ್ಷಿತವಾದ ಮದ್ಯವೂ ಇಲ್ಲ, ಸುರಕ್ಷಿತ ಪ್ರಮಾಣವೂ ಇಲ್ಲ. “ಸ್ವಲ್ಪ ಕುಡಿದರೆ ಒಳ್ಳೆಯದು” ಎಂಬ ಮೆಸೇಜ್ ಬಂದರೆ ಫಾರ್ವರ್ಡ್ ಮಾಡಬೇಡಿ.