ಒಂದು ಹಂಚು ಹತ್ತಾದಾಗ

2025ರ ಜೂನ್ 29ರಂದು ಪ್ರಧಾನ ಮಂತ್ರಿಗಳು ತಮ್ಮ ತಿಂಗಳ ಆಕಾಶವಾಣಿ ಭಾಷಣದಲ್ಲಿ ಕಲಬುರಗಿಯ ಜೋಳದ ರೊಟ್ಟಿಯ ಹೆಸರೆತ್ತಿದರು. ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಸೇರಿ ದಿನಕ್ಕೆ ಮೂರು ಸಾವಿರಕ್ಕೂ ಮಿಕ್ಕಿ ರೊಟ್ಟಿ ಬಡಿಯುತ್ತಾರೆಂದೂ, ಅದರ ಮಾರಾಟಕ್ಕೆ ಬೆಂಗಳೂರಿನಲ್ಲಿ ಮಳಿಗೆ ತೆರೆದಿದೆಯೆಂದೂ ಹೇಳಿದರು. ನಮ್ಮ ತಾಯಂದಿರ ರೊಟ್ಟಿಯ ಸಪ್ಪಳ ದಿಲ್ಲಿಯವರೆಗೆ ಕೇಳಿಸಿತೆಂದರೆ ನಮಗೂ ಸಂತೋಷವೇ. ಆದರೆ ಹೊಗಳಿಕೆಯ ಮಾತಿನಿಂದ ಜೋಳ ಹಿಟ್ಟಾಗುವುದಿಲ್ಲ. ಆ ರೊಟ್ಟಿ ಮೂರು ಸಾವಿರದಿಂದ ಮೂವತ್ತು ಸಾವಿರಕ್ಕೆ ಏರುವ ದಿನ ಲಾಭ ಯಾರ ಕೈಸೇರುವುದು, ನಷ್ಟ ಯಾರ ತಲೆಗೆ ಬೀಳುವುದು ಎಂಬ ಪ್ರಶ್ನೆಯನ್ನು ಇಂದೇ ಎತ್ತಬೇಕಾಗಿದೆ.

ಉದ್ಯೋಗ ಆರಂಭಿಸುವವರಿಗೆ ನಮ್ಮ ಸರಕಾರಗಳಲ್ಲಿ ಯೋಜನೆಗಳಿಗೆ ಬರವಿಲ್ಲ. ಟೇಪು ಕತ್ತರಿಸಲು ಸಾಹೇಬರು ಬರುತ್ತಾರೆ, ಫೋಟೋ ಆಗುತ್ತದೆ. 2020ರಲ್ಲಿ ಬಂದ ಕಿರು ಆಹಾರ ಉದ್ದಿಮೆಗಳ ಯೋಜನೆಯಲ್ಲಿ ಯಂತ್ರ ಕೊಳ್ಳಲು ನೂರಕ್ಕೆ 35ರಂತೆ, ಹತ್ತು ಲಕ್ಷದವರೆಗೆ ಸಹಾಯಧನವುಂಟು. ಒಳ್ಳೆಯದೇ. ಆದರೆ ಸಣ್ಣ ಧಂದೆ ಮುರಿದುಬೀಳುವುದು ಆರಂಭದ ದಿನವಲ್ಲ, ಅದು ಬೆಳೆಯಲು ಹೊರಟ ದಿನ. ಈ ಮಾತು ವಿಚಿತ್ರವಾಗಿ ಕಂಡರೆ ವಾಚಕರು ನಮ್ಮೊಂದಿಗೆ ಸ್ವಲ್ಪ ಲೆಕ್ಕ ಹಾಕಲಿ.

ಗಾಜಿಪುರದ ಓಣಿಯಲ್ಲಿ ಒಬ್ಬ ತಾಯಿ ದಿನಕ್ಕೆ ಇನ್ನೂರು ಕಡಕ್ ರೊಟ್ಟಿ ಮಾಡಿ ಎಂಟೆಂಟು ರೂಪಾಯಿಯಂತೆ ರೋಖಕ್ಕೆ ಮಾರುತ್ತಾಳೆಂದು ಇಟ್ಟುಕೊಳ್ಳಿ. ಜೋಳ, ಉರುವಲು, ಕೂಲಿ ಎಲ್ಲ ಸೇರಿ ಒಂದಕ್ಕೆ ಏಳು ರೂಪಾಯಿ ಖರ್ಚು. ಸಂಜೆ ಬಂದ ಹಣದಲ್ಲೇ ಮರುದಿನದ ಜೋಳ ಬರುತ್ತದೆ, ಯಾರ ಹಂಗೂ ಇಲ್ಲ. ದೊಡ್ಡ ಊರಿನ ಅಂಗಡಿಯೊಂದು ಆಕೆಗೆ ದಿನಕ್ಕೆ ಎರಡು ಸಾವಿರ ರೊಟ್ಟಿಯ ಆರ್ಡರು ಕೊಡುತ್ತದೆ. ಒಂದು ಹಂಚು ಹತ್ತಾಗುತ್ತದೆ, ಹತ್ತು ಜನ ಹೆಣ್ಣುಮಕ್ಕಳು ಕೆಲಸಕ್ಕೆ ಬರುತ್ತಾರೆ. ತಿಂಗಳಿಗೆ ಅರವತ್ತು ಸಾವಿರ ಲಾಭವೆಂದು ಕಾಗದದ ಮೇಲೆ ಕಾಣುತ್ತದೆ. ಆದರೆ ದೊಡ್ಡ ಅಂಗಡಿಯವನು ರೋಖ ಕೊಡುವುದಿಲ್ಲ, 45 ದಿನದ ಉದ್ರಿ ಎನ್ನುತ್ತಾನೆ. ದಿನಕ್ಕೆ ಹದಿನಾಲ್ಕು ಸಾವಿರದಂತೆ 45 ದಿನ ಕೈಯಿಂದ ಹಾಕಿದರೆ ಆರು ಲಕ್ಷ ಮೂವತ್ತು ಸಾವಿರ ರೂಪಾಯಿ. ಇಷ್ಟು ಹಣ ಆ ಮನೆಯಲ್ಲಿ ಎಲ್ಲಿಂದ ಬರಬೇಕು? ಬ್ಯಾಂಕಿನವರು ಅಡವು ಕೇಳುತ್ತಾರೆ, ಸಾಹುಕಾರ ಕೇಳುವುದಿಲ್ಲ. ಅವನ ನೂರಕ್ಕೆ ಐದರ ಬಡ್ಡಿಯಲ್ಲಿ ತಿಂಗಳಿಗೆ 31,500 ರೂಪಾಯಿ ಹೋಗುತ್ತದೆ. ಅರ್ಧಕ್ಕೂ ಹೆಚ್ಚು ಲಾಭವನ್ನು, ಒಂದು ರೊಟ್ಟಿಯನ್ನೂ ಬಡಿಯದ ಕೈ ಎತ್ತಿಕೊಂಡಿತು! ಒಂದು ಲಾಟು ಮುಗ್ಗಿ ವಾಪಸು ಬಂದರೆ, ಇಲ್ಲವೆ 45 ದಿನ ತೊಂಬತ್ತಾದರೆ, ಹತ್ತೂ ಹಂಚು ತಣ್ಣಗಾಗುತ್ತವೆ. ಹೊರಗಿನವರು ಆಗ ಆಡುವ ಮಾತು ಒಂದೇ: ಅವರಿಗೆ ವ್ಯಾಪಾರ ಗೊತ್ತಿರಲಿಲ್ಲ.

ತೊಗರಿಯ ಕಥೆಯೂ ಬೇರೆಯಲ್ಲ. ನಮ್ಮ ಜಿಲ್ಲೆಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆದರೆ ತೊಗರಿ ಪೇಟೆಗೆ ಬರುವುದು ಡಿಸೆಂಬರಿನಿಂದ ಎರಡು ಮೂರು ತಿಂಗಳು, ಬೇಳೆ ಮಾರುವುದು ವರ್ಷವಿಡೀ. ಸುಗ್ಗಿಯಲ್ಲಿ ಕೊಳ್ಳಲು ಕೈಯಲ್ಲಿ ಹಣವಿಲ್ಲದ ಸಣ್ಣ ದಾಲ್ ಮಿಲ್ಲಿನವನು ನಂತರ ಅಡತಿಯವರು ಹೇಳಿದ ದರಕ್ಕೆ ಕೊಳ್ಳಬೇಕು. ಮಾಲಿಲ್ಲದೆ ಮಿಲ್ಲು ನಿಂತರೆ ಹಮಾಲರ ಮನೆಯ ಒಲೆಯೂ ನಿಲ್ಲುತ್ತದೆ.

ಕಾನೂನು ಇಲ್ಲವೆಂದಲ್ಲ. 2006ರ ಸಣ್ಣ ಉದ್ದಿಮೆಗಳ ಕಾಯಿದೆಯಂತೆ, ಕಿರು ಮತ್ತು ಸಣ್ಣ ಉತ್ಪಾದಕರಿಂದ ಮಾಲು ಕೊಂಡವನು ಬರಹದ ಕರಾರಿದ್ದರೂ 45 ದಿನ ಮೀರಿ ಬಾಕಿ ಇಡಕೂಡದು. ಕರಾರಿಲ್ಲದಿದ್ದರೆ 15 ದಿನವೇ ಗಡುವು. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ಸಂದಾಯವಾಗುವ ತನಕ ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ತೋರಿಸುವಂತಿಲ್ಲವೆಂಬ ನಿಯಮವೂ 2024ರ ಏಪ್ರಿಲ್ 1ರಿಂದ ಬಂತು. ಕೇಳಲು ಚೆನ್ನಾಗಿದೆ. ಆದರೆ ತನ್ನ ಒಬ್ಬನೇ ದೊಡ್ಡ ಗಿರಾಕಿಯ ಮೇಲೆ ಫಿರ್ಯಾದಿ ಹಾಕುವ ಧೈರ್ಯ ಯಾವ ಸಣ್ಣ ವ್ಯಾಪಾರಿಗೆ ಬಂದೀತು? ಫಿರ್ಯಾದಿಯ ಮರುದಿನ ಆರ್ಡರು ನಿಲ್ಲುತ್ತದೆ. ಒಬ್ಬೊಬ್ಬರಿಗೆ ಕೊಟ್ಟ ಹಕ್ಕು ಒಬ್ಬೊಬ್ಬರಿಂದ ಚಲಾಯಿಸಲು ಆಗದು. ಗಮನಿಸಬೇಕಾದದ್ದೆಂದರೆ, ಕಿರು ಉತ್ಪಾದಕರ ಮಾಲು ಮಾರುವ ಸಹಕಾರಿ ಸಂಘವೂ ಇದೇ ಕಾಯಿದೆಯಡಿ ಬಾಕಿ ಕೇಳಬಹುದು. ಸಂಘದ ಹೆಸರಿನಲ್ಲಿ ನೋಟೀಸು ಹೋದರೆ ಯಾವ ತಾಯಿಯನ್ನು ಶಿಕ್ಷಿಸಬೇಕೆಂದು ಅಂಗಡಿಯವನಿಗೆ ತಿಳಿಯದು.

ಇನ್ನು ಹೆದರಿಕೆಯ ಮಾತು. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಮೊಬೈಲ್ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಲಕ್ಷಗಟ್ಟಲೆಯ ನೋಟೀಸು ಕಳಿಸಿತು. ತೆರಿಗೆಯೇ ಇಲ್ಲದ ತರಕಾರಿ, ಹಾಲು ಮಾರುವವರಿಗೂ ತಲುಪಿತು. ವ್ಯಾಪಾರಿಗಳು ಒಗ್ಗಟ್ಟಾಗಿ ಬಂದ್ ಮಾಡುತ್ತೇವೆಂದ ಮೇಲೆ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳು ಹೇಳಬೇಕಾಯಿತು. ಚಪಾತಿ, ರೊಟ್ಟಿಯ ಮೇಲಿದ್ದ ನೂರಕ್ಕೆ ಐದರ ತೆರಿಗೆ ಅದೇ ವರ್ಷದ ಸೆಪ್ಟೆಂಬರ್ 22ರಂದು ಹೋಯಿತು. ಆದರೂ ವರ್ಷಕ್ಕೆ ನಲವತ್ತು ಲಕ್ಷದ ಗೆರೆ ದಾಟಿದರೆ ಏನಾಗುವುದೋ ಎಂಬ ಅಂಜಿಕೆಯಿಂದ ಬೆಳೆಯಲೇ ಒಲ್ಲೆನೆನ್ನುವವರು ಇದ್ದಾರೆ. ಅವರಿಗೆ ಬೇಕಾದದ್ದು ಲೆಕ್ಕ ಬರೆಯಲು ಕಲಿಸುವ ಒಬ್ಬ ಗುಮಾಸ್ತ, ನೋಟೀಸು ಹಂಚುವ ಅಧಿಕಾರಿಯಲ್ಲ.

ಆದರೆ ಇನ್ನೊಂದು ಅಂಜಿಕೆಗೆ ನಮ್ಮ ಸಹಾನುಭೂತಿ ಇಲ್ಲ. ಹತ್ತನೆಯ ಕೂಲಿಯವಳನ್ನು ಪಟ್ಟಿಯಲ್ಲಿ ಬರೆದರೆ ಇ.ಎಸ್.ಐ. ಕಟ್ಟಬೇಕು, ಇಪ್ಪತ್ತಾದರೆ ಪ್ರಾವಿಡೆಂಟ್ ಫಂಡ್ ಎಂದು ಒಂಬತ್ತಕ್ಕೇ ಪಟ್ಟಿ ಮುಗಿಸಿ ಉಳಿದವರನ್ನು ಹೆಸರಿಲ್ಲದೆ ದುಡಿಸುವ ಮಾಲಕರನ್ನು ಎಲ್ಲ ಊರಲ್ಲೂ ಕಾಣಬಹುದು. ಮೇಲಿನ ಲೆಕ್ಕಕ್ಕೇ ಬರೋಣ. ತಿಂಗಳಿಗೆ ಹನ್ನೆರಡು ಸಾವಿರ ಕೂಲಿಯ ಹತ್ತು ಜನರಿಗೆ ಮಾಲಕರು ಕಟ್ಟಬೇಕಾದ ಇ.ಎಸ್.ಐ. ಪಾಲು ನೂರಕ್ಕೆ 3.25ರಂತೆ ಒಟ್ಟು 3,900 ರೂಪಾಯಿ. ಸಾಹುಕಾರನಿಗೆ 31,500 ಕೊಡುವ ಕೈ, ಒಲೆಯ ಹೊಗೆ ಕುಡಿಯುವವಳ ಔಷಧಕ್ಕೆ 3,900 ಕೊಡಲಾರದೆ? ಇ.ಎಸ್.ಐ. ದವಾಖಾನೆ ನಮ್ಮೂರಿನಲ್ಲೇ ಇದೆ. ಎಂ.ಎಸ್.ಕೆ. ಮಿಲ್ ಎಂಬುದು ಇಂದು ಬಡಾವಣೆಯ ಹೆಸರಾಗಿ ಮಾತ್ರ ಉಳಿದ ಈ ಊರಿನಲ್ಲಿ, ಗಿರಣಿ ಬಿಟ್ಟವನು ಅಂಗಡಿ ಹಾಕುತ್ತಾನೆ, ಅಂಗಡಿಯವನ ಮಗ ಗಿರಣಿಗೆ ಹೋಗುತ್ತಾನೆ. ಇಬ್ಬರನ್ನೂ ಎತ್ತಿಕಟ್ಟಿ ನೋಡುವವರು ಬಡ್ಡಿಯವರೇ ಹೊರತು ಬೇರೆಯವರಲ್ಲ.

ಬೆಳೆಯುವ ಬೇರೆ ದಾರಿ ಇದೆ, ನಡೆದು ತೋರಿಸಿದವರೂ ಇದ್ದಾರೆ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವದಲ್ಲಿ ಏಳು ಹೆಂಗಸರು ಎಂಬತ್ತು ರೂಪಾಯಿ ಸಾಲ ತಂದು ಹಪ್ಪಳ ಆರಂಭಿಸಿದರು. ಇಂದಿನ ಲಿಜ್ಜತ್ ಸಂಸ್ಥೆ ಅದೇ. ಅಲ್ಲಿ ಹಿಟ್ಟು ನಾದುವುದು ಒಂದೆಡೆ, ಲಟ್ಟಿಸುವುದು ಅವರವರ ಮನೆಯಲ್ಲಿ, ತೂಕ, ಗುಣ, ಮಾರಾಟ ಮತ್ತೆ ಒಂದೆಡೆ. ನಲವತ್ತು ಸಾವಿರಕ್ಕೂ ಹೆಚ್ಚು ಹೆಂಗಸರು ಅದರಲ್ಲಿದ್ದಾರೆ, ಎಲ್ಲರೂ ಒಡತಿಯರೇ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ, ಕುದಿನೀರು ಹಾಕಿ ನಾದಿ ಕೈಯಲ್ಲೇ ಬಡಿಯುವ ಜಾಣ್ಮೆ ಅದಕ್ಕೆ ಬೇಕು. ಈಗ ರೊಟ್ಟಿ ಯಂತ್ರಗಳೂ ಬಂದಿವೆ. ನಾವು ಯಂತ್ರದ ವೈರಿಗಳಲ್ಲ. ಹಿಟ್ಟು ಬೀಸಲು, ನಾದಲು, ಒಣಗಿಸಲು, ಕಟ್ಟಲು ಯಂತ್ರ ಬರಲಿ, ಆದರೆ ಅದು ಸಂಘದ ಸ್ವತ್ತಾಗಿ ಬರಲಿ. ಒಬ್ಬ ಬಂಡವಾಳಗಾರನು ಹತ್ತು ಯಂತ್ರ ತಂದು, ಕಲಬುರಗಿಯ ಹೆಸರನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿಸಿ, ಅದೇ ತಾಯಂದಿರನ್ನು ದಿನಗೂಲಿಗೆ ಕರೆಯುವ ದಿನ ಬರಬಾರದು.

ಆದುದರಿಂದ ಜಿಲ್ಲಾಡಳಿತದ ಮುಂದೆ ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಹಿಂಗಾರಿ ಜೋಳ ಪೇಟೆಗೆ ಬರುವ ಫೆಬ್ರವರಿ, ಮಾರ್ಚಿನಲ್ಲಿ ವರ್ಷದ ಜೋಳ ಕೊಂಡಿಡಲು ಜಿಲ್ಲಾ ಸಹಕಾರಿ ಬ್ಯಾಂಕಿನಿಂದ ರೊಟ್ಟಿ ಸಂಘಗಳಿಗೆ ಸುಗ್ಗಿ ಸಾಲವೂ, ಎ.ಪಿ.ಎಂ.ಸಿ. ಗೋದಾಮಿನಲ್ಲಿ ಜಾಗವೂ ಸಿಗಬೇಕು. ಸಂಘ ಕಳಿಸಿದ ಮಾಲಿನ ಬಿಲ್ಲನ್ನೇ ಅಡವೆಂದು ಒಪ್ಪಿ ಬ್ಯಾಂಕು ವಾರದೊಳಗೆ ಹಣ ಕೊಡಬೇಕು. ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನ ಒಡೆತನ ರೊಟ್ಟಿ ಬಡಿಯುವವರ ಸಹಕಾರಿ ಸಂಘಕ್ಕೆ ಬರಹದಲ್ಲಿ ಸೇರಬೇಕು, ಸದಸ್ಯರ ಪಟ್ಟಿಯಲ್ಲಿ ಕಮಲಾಪುರದಂಥ ತಾಲ್ಲೂಕುಗಳ ಹೆಣ್ಣುಮಕ್ಕಳೂ ಇರಬೇಕು. ಗಾಜಿಪುರದ ಕಿರಾಣಿ ಬಂಧುಗಳು ತಮ್ಮ ಅಂಗಡಿಗೆ ಈ ರೊಟ್ಟಿಯನ್ನು ರೋಖಕ್ಕೆ ಕೊಂಡು ಮಾರಲು ಒಪ್ಪುವುದಾದರೆ, ಅರ್ಜಿಗೆ ಅವರ ಸಹಿಯನ್ನೂ ಪಡೆಯಲು ನಮ್ಮ ಕಾರ್ಯಕರ್ತರು ಈ ವಾರ ಓಣಿ ಓಣಿಗೆ ಬರುತ್ತಾರೆ.